ಗೇಮ್ ಪ್ರೋಗ್ರಾಮಿಂಗ್ ಓದೋಕೆ ಮಗನ್ನ ಕೆನಡಾಗೆ ಕಳಿಸ್ಬಹುದಾ?

ಪ್ರಶ್ನೆ: ಸರ್, ನನ್ನ ಮಗ ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸ್ದ, ಪಿಸಿಎಂಸಿ. ಇಂಜಿನಿಯರಿಂಗ್ ಬೇಡ, ಕೆನಡಾದಲ್ಲಿ ಗೇಮ್ ಪ್ರೋಗ್ರಾಮಿಂಗ್ ಡಿಪ್ಲೊಮಾ ಮಾಡ್ತೀನಿ ಅಂತ ಹಟ ಹಿಡಿದಿದಾನೆ. ಅದ್ರಲ್ಲಿ ಕೋ-ಆಪ್ ಅಂತ ಇರತ್ತೆ, ಓದ್ತಾ ಓದ್ತಾನೇ ಕಂಪನೀಲಿ ಸಂಬಳದ ಕೆಲ್ಸ ಕೊಡ್ತಾರೆ, ಫೀಸು ಅಲ್ಲೇ ವಾಪಸ್ ಬರತ್ತೆ ಅಂತಾರೆ ಕನ್ಸಲ್ಟೆನ್ಸಿಯವ್ರು. ಸೈಟ್ ಮಾರಿ ಕಳಿಸೋಣ ಅಂತಿದಾರೆ ನಮ್ಮನೆಯವ್ರು. ನಂಬಬಹುದಾ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೇಡಂ, ಸೈಟ್ ಮಾರೋ ಮಾತು ಸದ್ಯಕ್ಕೆ ಬೇಡ. ಕೋ-ಆಪ್ ಸುಳ್ಳಲ್ಲ, ಒಳ್ಳೇ ಪದ್ಧತಿನೇ. ಕೆನಡಾದಲ್ಲಿ ಅದು ಬೇರೂರಿದ್ದು ವಾಟರ್‌ಲೂ ಯೂನಿವರ್ಸಿಟಿಯಿಂದ, 1957ರಲ್ಲಿ. ನಾಲ್ಕು ತಿಂಗ್ಳು ಕ್ಲಾಸು, ನಾಲ್ಕು ತಿಂಗ್ಳು ಕಂಪನಿ, ಹೀಗೆ ಅದ್ಲುಬದ್ಲಾಗಿ ನಡೆಯತ್ತೆ. ನಾನೂ ಅಂಥದ್ದೇ ಕೋರ್ಸ್ ಓದಿದೋನು, ಅದಕ್ಕೇ ಹೇಳ್ತಿದೀನಿ, 'ಕೆಲ್ಸ ಕೊಡ್ತಾರೆ' ಅನ್ನೋ ಮಾತು ಮಾತ್ರ ನಂಬಬೇಡಿ. ಕಾಲೇಜು ಕೊಡೋದು ಅರ್ಜಿ ಹಾಕೋಕೆ ಒಂದು ಪೋರ್ಟಲ್ಲು, ರೆಸ್ಯೂಮೆ ತಿದ್ದೋಕೆ ಒಬ್ರು ಅಡ್ವೈಸರ್, ಅಷ್ಟೇ. ಇಂಟರ್‌ವ್ಯೂ ಗೆಲ್ಲೋದು ಹುಡುಗನ ಪಾಡು, ನಮ್ಮ ಬ್ಯಾಚಲ್ಲೇ ಮೊದಲ ಟರ್ಮ್‌ಗೆ ಕೆಲ್ಸ ಸಿಗ್ದೆ ರೂಮಲ್ಲಿ ಕೂತೋರು ಇದ್ರು.

ದುಡ್ಡಿನ ಲೆಕ್ಕ ನೋಡಿ. ಗಂಟೆಗೆ 20 ಕೆನಡಾ ಡಾಲರ್ ಅಂತ ಇಟ್ಕೊಂಡ್ರೂ ವಾರಕ್ಕೆ 40 ಗಂಟೆ, 16 ವಾರ, ಒಟ್ಟು 12,800 ಡಾಲರ್, ಅದ್ರಲ್ಲಿ ಟ್ಯಾಕ್ಸ್ ಬೇರೆ ಹೋಗತ್ತೆ. ಅದೇ, ಒಬ್ಬ ಸ್ಟೂಡೆಂಟ್‌ಗೆ ಒಂದು ವರ್ಷದ ಬಾಡಿಗೆ ಊಟಕ್ಕೆ ಅಂತ ಫೀಸು ಬಿಟ್ಟು 22,895 ಡಾಲರ್ ಇರೋದನ್ನ ತೋರ್ಸಿ ಅಂತ ಅಲ್ಲಿನ ಸರ್ಕಾರವೇ 2025ರ ಸೆಪ್ಟೆಂಬರಿಂದ ಕೇಳ್ತಿದೆ, ಕ್ವಿಬೆಕ್ ಪ್ರಾಂತ್ಯದ ಲೆಕ್ಕ ಬೇರೆ. ಅಂದ್ರೆ ಒಂದು ಕೋ-ಆಪ್ ಟರ್ಮ್ ಸಂಬಳ ಒಂದು ವರ್ಷದ ಖರ್ಚಿಗೇ ಸಾಲಲ್ಲ, ಫೀಸು ವಾಪಸ್ ಬರೋದು ಎಲ್ಲಿಂದ?

ಇನ್ನೊಂದು ವಿಷ್ಯ ಕನ್ಸಲ್ಟೆನ್ಸಿಯವ್ರು ಹೇಳಿದಾರೋ ಇಲ್ವೋ. ಓದು ಮುಗಿದ್ಮೇಲೆ ಅಲ್ಲೇ ಕೆಲ್ಸ ಮಾಡೋಕೆ ಸಿಗೋ ವರ್ಕ್ ಪರ್ಮಿಟ್ 2024ರ ನವೆಂಬರ್ 1ರಿಂದ ಈಚೆಗೆ ಸ್ಟಡಿ ಪರ್ಮಿಟ್‌ಗೆ (ಅಲ್ಲಿ ಓದೋಕೆ ಬೇಕಾದ ಅನುಮತಿಗೆ) ಅರ್ಜಿ ಹಾಕಿದೋರಿಗೆ ಎಲ್ಲಾ ಡಿಪ್ಲೊಮಾಗೂ ಸಿಗಲ್ಲ, ಸರ್ಕಾರದ ಪಟ್ಟೀಲಿರೋ ವಿಷಯ ಓದಿರಬೇಕು. ಡಿಗ್ರಿಗೆ ಈ ಪಟ್ಟಿ ತೊಡಕಿಲ್ಲ. ಪ್ರತಿ ಕೋರ್ಸಿಗೂ ಅದು ಯಾವ ವಿಷಯ ಅಂತ ಗುರುತಿಸೋ ಆರಂಕಿಯ ಸಿಐಪಿ ಕೋಡ್ ಅಂತ ಇರತ್ತೆ, ಅದನ್ನ ಕಾಲೇಜಿಂದಲೇ ಈಮೇಲಲ್ಲಿ ತರಿಸ್ಕೊಂಡು ಪಟ್ಟಿ ಜೊತೆ ತಾಳೆ ನೋಡಿ, ಆಮೇಲೆ ಫೀಸಿನ ಮಾತು. ಪಟ್ಟಿ ಬದಲಾಗ್ತಾ ಇರತ್ತೆ, ಹೋದ ವರ್ಷ ಪಕ್ಕದ್ಮನೆ ಹುಡುಗನಿಗೆ ಸಿಕ್ತು ಅಂತ ಹೋಗ್ಬೇಡಿ.

ಇದೆಲ್ಲ ಹೇಳಿ ಮಗನ ಆಸೆ ಚಿವುಟೋಕೆ ನಂಗೆ ಮನಸ್ಸಿಲ್ಲ. ಅವನ ಕೈಲಿ ಒಂದು ಕೆಲ್ಸ ಮಾಡ್ಸಿ: ಮನೇಲಿರೋ ಲ್ಯಾಪ್‌ಟಾಪಲ್ಲೇ ಗೊಡೋ ಅನ್ನೋ ಉಚಿತ ಗೇಮ್ ಎಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಹಾಕ್ಕೊಂಡು ಮೂರು ತಿಂಗಳಲ್ಲಿ ಒಂದೇ ಒಂದು ಚಿಕ್ಕ ಗೇಮ್ ಪೂರ್ತಿ ಮುಗಿಸ್ಲಿ, ಮೆನು, ಸ್ಕೋರು, ಸೌಂಡು ಎಲ್ಲಾ ಸೇರಿ. ಆಡೋದು ಬೇರೆ ಮಾಡೋದು ಬೇರೆ ಅಂತ ಅಲ್ಲಿ ಗೊತ್ತಾಗತ್ತೆ. ನನ್ನ ಮೊದಲ ಕೋ-ಆಪಲ್ಲಿ ನಾನು ಬರ್ದ ಕೋಡಲ್ಲಿ ಪಾತ್ರ ಒಂದು ಫ್ರೇಮಿಗೆ, ಅಂದ್ರೆ ಸ್ಕ್ರೀನ್ ಒಂದ್ಸಲ ಹೊಸ ಚಿತ್ರ ತೋರ್ಸೋದ್ರೊಳಗೆ, 5 ಪಿಕ್ಸೆಲ್ ಓಡ್ತಿತ್ತು, ಸೆಕೆಂಡಿಗೆ 60 ಫ್ರೇಮ್ ತೋರ್ಸೋ ನನ್ನ ಸ್ಕ್ರೀನಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, ಚೆನ್ನಾಗೇ ಇತ್ತು, ಸೀನಿಯರ್ ತಮ್ಮ 144 ಫ್ರೇಮಿನ ಸ್ಕ್ರೀನಲ್ಲಿ ಹಾಕಿದ್ರೆ 720, ಹಿಡಿಯೋಕೇ ಆಗಲ್ಲ! ಫ್ರೇಮ್ ಎಣಿಸ್ಬೇಡ, ವೇಗನ ಕಳೆದ ಸಮಯದಿಂದ ಗುಣಿಸು ಅಂದ್ರು. ಇಂಥ ತಪ್ಪು ಮಾಡಿ ತಿದ್ಕೊಂಡ ಹುಡುಗನ್ನೇ ಸ್ಟುಡಿಯೋದವ್ರು ಹುಡುಕೋದು, 2023, 24ರಲ್ಲಿ ಈ ಇಂಡಸ್ಟ್ರೀಲಿ ಸಾವಿರಾರು ಜನ ಕೆಲ್ಸ ಕಳ್ಕೊಂಡ್ಮೇಲಂತೂ ಅನುಭವ ಇರೋರೇ ಕ್ಯೂನಲ್ಲಿದಾರೆ.

ಗೇಮ್ ಮುಗಿಸಿದ್ನಾ, ಆಗ ಕೂತು ಮಾತಾಡಿ. ಇಲ್ಲೇ ಕಂಪ್ಯೂಟರ್ ಸೈನ್ಸ್ ಮಾಡಿ ಆಮೇಲೆ ಮಾಸ್ಟರ್ಸ್‌ಗೆ ಹೋಗೋ ದಾರೀನೂ ಇದೆ, ನನ್ನ ಓಟು ಅದಕ್ಕೇ. ಬೆಂಗಳೂರಲ್ಲೂ ಈ ಕೆಲ್ಸ ಹೊಸದೇನಲ್ಲ, ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿ 1997ರಲ್ಲೇ ಇಲ್ಲಿ ಶುರುವಾಗಿದ್ದು, 2019ರಲ್ಲಿ ಅದನ್ನ ಜಿಟಿಎ ಗೇಮ್ ಮಾಡೋ ರಾಕ್‌ಸ್ಟಾರ್ ಕಂಪನಿ ಕೊಂಡ್ಕೊಳ್ತು.

ಪ್ರಶ್ನೆ: ಸರ್, ಬಿಸಿಎ ಓದ್ತಿದೀನಿ, ಮ್ಯಾಥ್ಸ್ ವೀಕು. ಗೇಮ್ ಪ್ರೋಗ್ರಾಮರ್ ಆಗ್ಬಹುದಾ?
- ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಗ್ಬಹುದಮ್ಮ, ಆದ್ರೆ ವೆಕ್ಟರ್, ಅಂದ್ರೆ ಉದ್ದ ದಿಕ್ಕು ಎರಡೂ ಇರೋ ಬಾಣ, ಅದನ್ನ ಬಿಟ್ರೆ ಆಗಲ್ಲ. ಪುಸ್ತಕ ಪಕ್ಕಕ್ಕಿಟ್ಟು ಗೇಮಿಂದ ಶುರು ಮಾಡು. ಕಾವಲುಗಾರ ನೋಡ್ತಿರೋ ದಿಕ್ಕು ಒಂದು ವೆಕ್ಟರು, ಅವನಿಂದ ಕಳ್ಳನ ಕಡೆಗೆ ಇನ್ನೊಂದು ವೆಕ್ಟರು. ಎರಡರ ಡಾಟ್ ಪ್ರಾಡಕ್ಟ್ (ಎರಡೂ ವೆಕ್ಟರಿನ ಎಕ್ಸ್‌ಗೆ ಎಕ್ಸ್, ವೈಗೆ ವೈ ಗುಣಿಸಿ ಕೂಡಿದ್ರೆ ಬರೋ ಸಂಖ್ಯೆ) ಪಾಸಿಟಿವ್ ಬಂದ್ರೆ ಕಳ್ಳ ಅವನ ಮುಂದಿದಾನೆ, ನೆಗೆಟಿವ್ ಬಂದ್ರೆ ಬೆನ್ನ ಹಿಂದೆ. ಇದನ್ನ ಈ ಭಾನುವಾರ ಕೋಡ್ ಮಾಡಿ ನೋಡು, ಎಲ್ಲಿ ಸಿಕ್ಕಾಕ್ಕೊಂಡೆ ಅಂತ ಬರಿ.