ಎಮ್ಮೆಯ ಬೆನ್ನೇರಿ ಬಂದ ಕಂಠ

ಪ್ರಶ್ನೆ: ‘ಯಾರೇ ಕೂಗಾಡಲಿ’ ಹಾಡಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ರಾಜ್ ಚಿತ್ರಗಳ ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ಅವರನ್ನು ಬೇಕೆಂದೇ ದೂರವಿಟ್ಟು ರಾಜ್‌ಕುಮಾರ್ ಅವರಿಂದ ಹಾಡಿಸಿದರು ಎಂದು ಮಾವನವರ ವಾದ. ಅಲ್ಲ, ಅದು ಆಕಸ್ಮಿಕ ಎಂದು ನನ್ನ ವಾದ. ನೀವೇ ತೀರ್ಪು ಕೊಡಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾವ–ಅಳಿಯಂದಿರ ನಡುವೆ ತೀರ್ಪು ಕೊಟ್ಟು ಉದ್ಧಾರವಾದವರಿಲ್ಲ. ಸಾಕ್ಷಿ ಬೇಕಾದರೆ ಹೇಳುತ್ತೇನೆ. ಆ ಹಾಡಿರುವ ‘ಸಂಪತ್ತಿಗೆ ಸವಾಲ್’ ಚಿತ್ರದ್ದೇ ಆದ ‘ರಾಜಾ ಮುದ್ದು ರಾಜಾ’ ಹಾಡನ್ನು ಮಾವನವರಿಗೆ ಒಮ್ಮೆ ಕೇಳಿಸಿ. ಅದರಲ್ಲಿ ಎಸ್. ಜಾನಕಿಯವರ ಜೊತೆ ಹಾಡಿರುವವರು ಶ್ರೀನಿವಾಸ್ ಅವರೇ. ದೂರವಿಡಬೇಕೆಂದು ಹೊರಟವರು ಚಿತ್ರದ ಯುಗಳಗೀತೆಯನ್ನು ಅವರಿಗೆ ಬಿಟ್ಟುಕೊಡುತ್ತಿದ್ದರೇ? ‘ಯಾರೇ ಕೂಗಾಡಲಿ’ ಧ್ವನಿಮುದ್ರಣದ ಹೊತ್ತಿಗೆ ಶ್ರೀನಿವಾಸ್ ಲಭ್ಯರಿರಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಆ ಹಾಡನ್ನು ನಾಯಕನಟನಿಂದಲೇ ಹಾಡಿಸಿದರು. ಇಷ್ಟರ ಮಟ್ಟಿಗೆ ನಿಮ್ಮ ಪಕ್ಷ ಗೆದ್ದಿತು.

ಆದರೆ ಪೂರ್ತಿ ಗೆದ್ದಿಲ್ಲ. ಆಕಸ್ಮಿಕ ಎನ್ನುವ ಮಾತು ಅಂದಿನ ಬಾಗಿಲು ತೆರೆದದ್ದಕ್ಕೆ ಒಪ್ಪುತ್ತದೆ, ಒಳಗೆ ಬಂದವರಿಗೆ ಒಪ್ಪುವುದಿಲ್ಲ. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ರಾಜನ ಪಾರ್ಟು ಇರಲಿ, ದ್ವಾರಪಾಲಕನ ಪಾರ್ಟು ಸಿಕ್ಕರೂ ಪುಣ್ಯ. ಸಿನಿಮಾದಲ್ಲೂ ಅವರ ಕಂಠ ಹೊಸದಾಗಿರಲಿಲ್ಲ. 1956ರ ‘ಓಹಿಲೇಶ್ವರ’ದಲ್ಲಿ ಹಾಡಿದ್ದರು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಜಾನಕಿಯವರೊಂದಿಗೆ ‘ತುಂಬಿತು ಮನವ’ ಹಾಡಿದ್ದರು. ಆ ಎರಡು ಚಿತ್ರಗಳ ಸಂಗೀತವೂ ಇದೇ ವೆಂಕಟೇಶ್ ಅವರದು ಎಂಬುದನ್ನು ಮರೆಯಬೇಡಿ. ಯಾವ ಗಂಟಲಲ್ಲಿ ಏನಿದೆ ಎಂಬುದು ಆ ಮನುಷ್ಯನಿಗೆ ಹದಿನೆಂಟು ವರ್ಷಗಳಿಂದ ಗೊತ್ತಿತ್ತು. ನಡುವಿನ ಅವಧಿಯಲ್ಲಿ ರಾಜ್ ಶರೀರ, ಶ್ರೀನಿವಾಸ್ ಶಾರೀರ ಎಂಬ ಜೋಡಿ ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತೆಂದರೆ, ಅದನ್ನು ಅಲುಗಾಡಿಸುವ ಯೋಚನೆ ಯಾರಿಗೂ ಬರುವಂತಿರಲಿಲ್ಲ.

ಇನ್ನು ಹಾಡನ್ನೇ ನೋಡಿ. ಚಿತ್ರದ ಮೂಲ ಪಿ.ಬಿ. ಧುತ್ತರಗಿಯವರ ನಾಟಕ. ಉತ್ತರ ಕರ್ನಾಟಕದ ಕಂಪನಿಗಳು ಆಡಿ ಹೆಸರು ಮಾಡಿದ ನಾಟಕ ಅದು. ಎ.ವಿ. ಶೇಷಗಿರಿರಾವ್ ಅದನ್ನು 1974ರಲ್ಲಿ ತೆರೆಗೆ ತಂದರು. ನಾಯಕ ಭದ್ರ ಎಮ್ಮೆಯ ಬೆನ್ನ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಹಾಡುತ್ತಾನೆ. ಇಲ್ಲಿ ಹಾಡು ಬರೆದ ಚಿ. ಉದಯಶಂಕರ್ ಅವರ ಕಿಲಾಡಿತನ ಗಮನಿಸಬೇಕು. ನಮ್ಮ ಗಾದೆಗಳಲ್ಲಿ ಎಮ್ಮೆಗೆ ಮರ್ಯಾದೆಯೇ ಇಲ್ಲ. ಯಾವ ಮಾತೂ ನಾಟದವನಿಗೆ ಎಮ್ಮೆಯ ಚರ್ಮ ಎನ್ನುತ್ತೇವೆ, ಬುದ್ಧಿಮಾತು ವ್ಯರ್ಥವಾದರೆ ಎಮ್ಮೆಯ ಮೇಲೆ ಮಳೆ ಸುರಿದಂತೆ ಎನ್ನುತ್ತೇವೆ. ಉದಯಶಂಕರ್ ಆ ಬೈಗುಳವನ್ನೇ ಎತ್ತಿಕೊಂಡು ‘ನಿನ್ನ ನೆಮ್ಮದಿಗೆ ಭಂಗವಿಲ್ಲ’ ಎಂದು ಬಿರುದು ಮಾಡಿ ಕೊಟ್ಟರು. ಊರು ಏನಾದರೂ ಅಂದುಕೊಳ್ಳಲಿ ಎನ್ನುವ ಬಡವನ ಠೇಂಕಾರಕ್ಕೆ ಇದಕ್ಕಿಂತ ಒಳ್ಳೆಯ ವಾಹನ ಎಲ್ಲಿ ಸಿಗಬೇಕು? ಕುದುರೆಯ ಮೇಲೆ ಕೂರಿಸಿದ್ದರೆ ಆ ಹಾಡು ಅಲ್ಲೇ ಸಾಯುತ್ತಿತ್ತು.

ನಾನು ಹಲವು ವರ್ಷ ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸಿದವನು. ಗಣೇಶೋತ್ಸವದ ಪೆಂಡಾಲಿನಲ್ಲಿ ಈ ಹಾಡಿಗೆ ಚೀಟಿ ಬಾರದ ರಾತ್ರಿಯೇ ಇರಲಿಲ್ಲ. ಒಳ್ಳೆಯ ಗಾಯಕರೂ ಇಲ್ಲಿ ಮುಗ್ಗರಿಸುತ್ತಿದ್ದುದು ಕಷ್ಟದ ಸ್ವರದಲ್ಲಲ್ಲ, ‘ಹೊಯ್’ ಎನ್ನುವಲ್ಲಿ. ಅವರು ಅದನ್ನು ತಾಳಕ್ಕೆ ಸರಿಯಾಗಿ, ಶ್ರುತಿಬದ್ಧವಾಗಿ, ಅಚ್ಚುಕಟ್ಟಾಗಿ ಇಡುತ್ತಿದ್ದರು; ಪೆಂಡಾಲು ಸುಮ್ಮನೆ ಕುಳಿತಿರುತ್ತಿತ್ತು. ರಾಜ್‌ಕುಮಾರ್ ಅವರದು ದನ ಅಟ್ಟುವವನ ಹೊಯ್. ಅದು ಹೊಟ್ಟೆಯಿಂದ ಹೊರಟು ಬಯಲಿನಾಚೆಗೆ ಮುಟ್ಟುತ್ತದೆ. ಹಿಂದಿನ ಸಾಲಿನವನಿಗೂ ಕೇಳಲೇಬೇಕೆಂಬ ರಂಗಭೂಮಿಯ ಹಟ ಅದರಲ್ಲಿದೆ. ಶ್ರೀನಿವಾಸ್ ಅವರ ಕಂಠ ನನಗೆ ಪ್ರಾಣ. ರಾತ್ರಿ ದೀಪವಾರಿಸಿ ಮಲಗಿದ ಮೇಲೆ ಕೇಳಬೇಕಾದ ಕಂಠ ಅದು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಅವರು ಅಂದು ಸಿಕ್ಕಿದ್ದರೆ ನಮಗೆ ಇನ್ನೊಂದು ಚೆಂದದ ಹಾಡು ದಕ್ಕುತ್ತಿತ್ತು, ಈ ಹಾಡು ದಕ್ಕುತ್ತಿರಲಿಲ್ಲ. ಮಾವನವರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಹಾಗಾದರೆ ಅಲ್ಲಿಂದ ಮುಂದೆ ಇಬ್ಬರೂ ಒಟ್ಟಿಗೆ ಹಾಡಲೇ ಇಲ್ಲವೇ?
— ಓದುಗರೊಬ್ಬರು, ಶಿರಸಿ

ಉತ್ತರ: ಹಾಡಿದರು, ಅದೂ ಎದುರುಬದುರಾಗಿ! 1977ರ ‘ಬಭ್ರುವಾಹನ’ದಲ್ಲಿ ‘ಯಾರು ತಿಳಿಯರು ನಿನ್ನ’ ಕೇಳಿ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಒಂದು ಮುಖಕ್ಕೆ ಅವರದೇ ಕಂಠ, ಇನ್ನೊಂದಕ್ಕೆ ಶ್ರೀನಿವಾಸ್ ಕಂಠ. ಸಂಗೀತ ನಿರ್ದೇಶಕ ಟಿ.ಜಿ. ಲಿಂಗಪ್ಪನವರು ತಂದೆ–ಮಗನ ಜಗಳಕ್ಕೆ ಇಬ್ಬರನ್ನೂ ಜೊತೆಗೆ ತಂದರು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಳ್ಳುವ ರಭಸ ನೋಡಿದರೆ ಇವರ ನಡುವೆ ವೈಮನಸ್ಯ ಹುಡುಕುವವರಿಗೆ ಬೇರೆ ಕೆಲಸವಿಲ್ಲ ಅನ್ನಿಸುತ್ತದೆ.

ಪ್ರಶ್ನೆ: ರಾಜ್‌ಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಹಾಡಿಗೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಅಲ್ಲ. 1992ರ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ. ಅದು ತೋಡಿ ರಾಗ, ಉಪೇಂದ್ರಕುಮಾರ್ ಸಂಗೀತ, ಸಾಹಿತ್ಯ ಮತ್ತೆ ಚಿ. ಉದಯಶಂಕರ್ ಅವರದೇ. ಎಮ್ಮೆಯ ಹಾಡಿಗೆ ಪ್ರಶಸ್ತಿ ಕೊಡುವಷ್ಟು ಗುಂಡಿಗೆ ಯಾವ ಸಮಿತಿಗೂ ಇರುವುದಿಲ್ಲ. ಬೇಕಿದ್ದರೆ ಇದನ್ನು ಪ್ರಶಸ್ತಿ ಎನ್ನಿ: 2012ರಲ್ಲಿ ಪುನೀತ್ ರಾಜ್‌ಕುಮಾರ್ ಚಿತ್ರವೊಂದು ‘ಯಾರೇ ಕೂಗಾಡಲಿ’ ಎಂಬ ಹೆಸರಿನಲ್ಲೇ ತೆರೆಗೆ ಬಂತು.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೆಯ ತರಗತಿಯ ಹುಡುಗನಿಂದ ಈ ಹಾಡು ಹಾಡಿಸಬೇಕೆಂದಿದ್ದೇನೆ. ಏನಾದರೂ ಸಲಹೆ?
— ಶಿಕ್ಷಕಿಯೊಬ್ಬರು, ತಿಪಟೂರು

ಉತ್ತರ: ರಾಜ್‌ಕುಮಾರ್ ಅವರ ಶ್ರುತಿಯಲ್ಲೇ ಹಾಡಲಿ ಎಂದು ಹಟ ಮಾಡಬೇಡಿ, ಹುಡುಗನ ಗಂಟಲಿಗೆ ಹಿತವಾದ ಶ್ರುತಿ ಹಿಡಿಯಿರಿ. ಅನುಕರಣೆಯನ್ನೂ ಬಿಡಿಸಿ, ಮೂಗಿನಲ್ಲಿ ಹಾಡಿದ ಮಾತ್ರಕ್ಕೆ ಅಣ್ಣಾವ್ರು ಬರುವುದಿಲ್ಲ. ‘ಹೊಯ್’ ಅಭ್ಯಾಸವನ್ನು ಕೊಠಡಿಯಲ್ಲಿ ಮಾಡಿಸದೆ ಆಟದ ಮೈದಾನದಲ್ಲಿ ಮಾಡಿಸಿ. ಎಮ್ಮೆಯ ವೇಷಕ್ಕೆ ಇಬ್ಬರು ಹುಡುಗರು ಬೇಕಾಗುತ್ತಾರೆ. ಹಿಂದಿನ ಕಾಲಾಗುವವನಿಗೆ ಏನೂ ಕಾಣಿಸದು, ಆದ್ದರಿಂದ ತಾಳಜ್ಞಾನ ಇರುವವನನ್ನೇ ಅಲ್ಲಿಗೆ ಆರಿಸಿ.