ಗಡಿ ಮುಚ್ಚಿದಾಗ ಎಂಟ್ರೆನ್ಸ್ ಬರೆಯುವುದು

ಕೊರೊನಾ ಕಾಲದಲ್ಲಿ ಕಾಸರಗೋಡಿನ ಅಪ್ಪ ಅಮ್ಮಂದಿರು ಖಾಸಗಿ ಶಾಲೆಯ ಒಂದು ಎಂಟ್ರೆನ್ಸ್ ಪರೀಕ್ಷೆಗಾಗಿ ಅಷ್ಟೊಂದು ಒದ್ದಾಡಿದ್ದು ಯಾಕೆ ಅಂತ ಕೇಳಿದಿರಿ. ನಿಮ್ಮ ಊರಿನಲ್ಲೇ ಶಾಲೆ ಇಲ್ವಾ, ಒಂದು ವರ್ಷ ಸುಮ್ನೆ ಕಾಯಬಹುದಿತ್ತಲ್ವಾ ಅಂತಲೂ ಕೇಳಿದಿರಿ. ಬೆಂಗಳೂರಿನಲ್ಲಿ ಕೂತು ನೋಡಿದರೆ ಹಾಗೆಯೇ ಕಾಣುತ್ತದೆ. ಇಲ್ಲಿಯ ದಾರಿ ಗೊತ್ತಾದರೆ ಬೇರೆ ತರ ಕಾಣುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸೇರಿದ್ದು ಕಾಗದದಲ್ಲಿ. ಆಸ್ಪತ್ರೆ, ಕಾಲೇಜು, ಮದುವೆ ಜವಳಿ, ಕೆಲಸ ಎಲ್ಲದಕ್ಕೂ ಜನ ಮೊದಲಿನಂತೆ ಮಂಗಳೂರಿಗೇ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮಂಜೇಶ್ವರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಒಂದು ಗಂಟೆ ಸಾಕು. ನಮ್ಮ ರಾಜಧಾನಿ ತಿರುವನಂತಪುರ 500 ಕಿಲೋಮೀಟರಿಗೂ ಜಾಸ್ತಿ ದೂರ. ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿ ಚೆಕ್‌ಪೋಸ್ಟ್ ಅಂದರೆ ಕೊರೊನಾ ಬರುವವರೆಗೆ ನಮಗೆ ಲಾರಿಗಳು ನಿಲ್ಲುವ ಜಾಗ, ಅಷ್ಟೇ.

ಇಲ್ಲಿ ಕನ್ನಡ ಶಾಲೆಗಳಿವೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಕೇರಳದ ಎಸ್‌ಎಸ್‌ಎಲ್‌ಸಿ ಬರೆಯಬಹುದು. ಆದರೆ ಕನ್ನಡ ಸರಿಯಾಗಿ ಬಾರದ ಟೀಚರನ್ನು ಕನ್ನಡ ಶಾಲೆಗೆ ಹಾಕಿದ್ದಾರೆ ಅಂತ ಪದೇ ಪದೇ ಪ್ರತಿಭಟನೆ ಆಗಿದೆ. ಹತ್ತರ ಮೇಲೆ ಕನ್ನಡದ ದಾರಿ ಇನ್ನೂ ಸಣ್ಣದಾಗುತ್ತದೆ. ಹಾಗಾಗಿ ಸ್ವಲ್ಪ ಅನುಕೂಲ ಇದ್ದವರು ಮಕ್ಕಳನ್ನು ಹೈಸ್ಕೂಲಿಗೇ ದಕ್ಷಿಣ ಕನ್ನಡದ ಖಾಸಗಿ ಶಾಲೆಗೆ ಸೇರಿಸುತ್ತಾರೆ, ಹಾಸ್ಟೆಲ್ ಇದ್ದರೆ ಇನ್ನೂ ಒಳ್ಳೆಯದು. ಉಳಿದವರು ಪಿಯುಸಿಗೆ ಕಳಿಸುತ್ತಾರೆ. ಹೆಸರಾದ ಕಡೆ ಸೀಟು ಬೇಕೆಂದರೆ ಎಂಟ್ರೆನ್ಸ್ ಬರೆಯಲೇಬೇಕು.

ಎಂಟನೇ ಕ್ಲಾಸಿನವರೆಗೆ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿಯವರೆಗೆ ದಂಡ, ಆಮೇಲೆ ಪ್ರತಿ ಸಲ 50,000ದವರೆಗೆ. ಆದರೂ ಪರೀಕ್ಷೆ ಅಂತ ಕರೆಯದೆ ಮಕ್ಕಳ ಕೈಗೆ ಪ್ರಶ್ನೆಪತ್ರಿಕೆ ಕೊಡುವ ಶಾಲೆಗಳಿವೆ. ಸೀಟು ಬೇಕಾದ ಪೋಷಕರು ಎದುರು ಮಾತಾಡುವುದಿಲ್ಲ. ಇದು ನನಗೆ ಮೊದಲಿನಿಂದಲೂ ಸರಿ ಕಂಡಿಲ್ಲ.

2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಸಣ್ಣ ರಸ್ತೆಗಳಿಗೆ ಮಣ್ಣಿನ ರಾಶಿ ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ಬಿಡಿಸಬೇಕೆಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಹೊತ್ತಿನಲ್ಲಿ ಶಾಲೆಯ ಸೀಟಿನ ಬಗ್ಗೆ ಮಾತೆತ್ತಲು ಯಾರಿಗೂ ಬಾಯಿ ಬರಲಿಲ್ಲ. ಆದರೆ ಮಕ್ಕಳು ಓದುವ ವರ್ಷ ಅಲ್ಲೇ ನಿಲ್ಲುವುದಿಲ್ಲವಲ್ಲ.

ಆ ಜೂನ್‌ನಲ್ಲಿ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ದಕ್ಷಿಣ ಕನ್ನಡದ ಶಾಲೆಗಳಲ್ಲಿ ಓದುತ್ತಿದ್ದ ನಮ್ಮ ಕಡೆಯ ಮಕ್ಕಳನ್ನು ಗಡಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಬರೆಸಿ, ವಾಪಸ್ ತಂದುಬಿಡುವ ವ್ಯವಸ್ಥೆ ಮಾಡಿದರು. ಅದನ್ನು ಮಾಡಿದವರಿಗೆ ಈಗಲೂ ಕೈಮುಗಿಯುತ್ತೇನೆ. ಆ ಪರೀಕ್ಷೆಯನ್ನು ನಡೆಸಿದ್ದು ಸರ್ಕಾರ, ಹೊಣೆಯೂ ಅದರದ್ದೇ. ಒಂದು ಮಗು ಬರಲಾಗದಿದ್ದರೆ ಕೇಳುವವರಿದ್ದರು.

ಖಾಸಗಿ ಎಂಟ್ರೆನ್ಸ್‌ಗೆ ಅಂಥ ಹೊಣೆ ಯಾರ ಮೇಲೂ ಇರಲಿಲ್ಲ. ನಮ್ಮ ಕಷ್ಟವೆಲ್ಲ ಶುರುವಾಗಿದ್ದು ಇಲ್ಲಿಂದ. ಪ್ರತಿ ಶಾಲೆಗೂ ಅದರದೇ ದಿನ, ಅದರದೇ ನಿಯಮ. ಇವತ್ತು ಬನ್ನಿ ಅಂತ ಮೆಸೇಜು, ನಾಳೆ ಮುಂದಕ್ಕೆ ಹಾಕಿದ್ದೇವೆ ಅಂತ ಇನ್ನೊಂದು. ಚೆಕ್‌ಪೋಸ್ಟಿನ ಪೊಲೀಸರಿಗೆ ಆ ಹಾಲ್ ಟಿಕೆಟ್ ತೋರಿಸಿದರೆ ಅವರಾದರೂ ಏನು ಮಾಡಬೇಕು? ಅವರ ಪಟ್ಟಿಯಲ್ಲಿ ಸಾರ್ವಜನಿಕ ಪರೀಕ್ಷೆ ಇತ್ತು, ಶಾಲೆಯೊಂದು ತಾನೇ ಮಾಡುವ ಪರೀಕ್ಷೆ ಇರಲಿಲ್ಲ. ಕೆಲವರು ಬಿಟ್ಟರು, ಕೆಲವರು ವಾಪಸ್ ಕಳಿಸಿದರು. ಕರ್ನಾಟಕಕ್ಕೆ ಹೋಗಲು ಸೇವಾ ಸಿಂಧುವಿನಲ್ಲಿ ಪಾಸ್ ಬೇಕು, ಮನೆಗೆ ಮರಳಲು ಕೇರಳದ ಜಾಗ್ರತಾ ಪೋರ್ಟಲ್‌ನಲ್ಲಿ ಇನ್ನೊಂದು. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಮಗುವನ್ನು ಕರೆದುಕೊಂಡು ನಡುದಾರಿಯಲ್ಲಿ ನಿಲ್ಲಬೇಕು.

2021 ಇನ್ನೂ ಕಠಿಣ. ಫೆಬ್ರವರಿಯಲ್ಲಿ ದಕ್ಷಿಣ ಕನ್ನಡಕ್ಕೆ ಒಳಬರಲು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಹೀಗೆ ನಾಲ್ಕೇ ದಾರಿ ಇಟ್ಟರು. 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕೆಂದರು. ಲೆಕ್ಕ ಹಾಕಿ ನೋಡಿ. ಭಾನುವಾರ ಬೆಳಿಗ್ಗೆ ಪರೀಕ್ಷೆ ಅಂದರೆ ಗುರುವಾರ ಬೆಳಿಗ್ಗೆಗಿಂತ ಮೊದಲು ಮೂಗಿನ ಸ್ವಾಬ್ ಕೊಟ್ಟು ಪ್ರಯೋಜನವಿಲ್ಲ. ಶುಕ್ರವಾರ ಕೊಟ್ಟರೆ ವರದಿ ಸಮಯಕ್ಕೆ ಬರುತ್ತದೆ ಅನ್ನುವ ಧೈರ್ಯವಿಲ್ಲ. ಕೇರಳದ ಖಾಸಗಿ ಲ್ಯಾಬಿನಲ್ಲಿ ಆಗ ಒಬ್ಬರಿಗೆ 1,700 ರೂಪಾಯಿ. ಏಪ್ರಿಲ್ ಕೊನೆಗೆ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಮಗುವಿನ ಜೊತೆ ಒಬ್ಬರು ದೊಡ್ಡವರು ಹೋಗಲೇಬೇಕು, ಅಂದರೆ ಎರಡು ಪಟ್ಟು. ಎರಡು ಶಾಲೆಯ ಪರೀಕ್ಷೆ ಬೇರೆ ಬೇರೆ ವಾರ ಇದ್ದರೆ ಮತ್ತೆ ಅಷ್ಟೇ. ಅಡಿಕೆ ಕೊಯ್ಲಿಗೆ ಹೋಗುವ, ಬೀಡಿ ಕಟ್ಟುವ ಮನೆಯವರು ಈ ಹಂತದಲ್ಲೇ ಆಸೆ ಬಿಟ್ಟರು.

ಆಮೇಲೆ ಕೆಲವು ಶಾಲೆಗಳು ಆನ್‌ಲೈನ್ ಪರೀಕ್ಷೆ ಮಾಡಿದವು. ಗಡಿ ದಾಟಬೇಕಾಗಿಲ್ಲ ಅಂತ ನಮಗೂ ಸಮಾಧಾನವಾಯಿತು. ಆದರೆ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ಗುಡ್ಡದ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೇ ಒಂದು ಮೂಲೆಯಲ್ಲಿ. ಕ್ಯಾಮೆರಾ ಆನ್ ಇರಬೇಕು, ಸ್ಕ್ರೀನ್ ಬಿಟ್ಟು ಆಚೆ ಹೋಗಬಾರದು ಅನ್ನುವ ನಿಯಮ. ಮನೆಯಲ್ಲಿ ಇರುವುದು ಒಂದೇ ಫೋನು, ಅದರಲ್ಲೇ ತಂಗಿಗೂ ಕ್ಲಾಸು. ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ. ಸಂಪರ್ಕ ಕಡಿದರೆ ಪರೀಕ್ಷೆ ಮುಗಿದ ಹಾಗೆಯೇ. ಮತ್ತೆ ಬರೆಯಲು ಬಿಟ್ಟ ಶಾಲೆ ನನಗೆ ಗೊತ್ತಿದ್ದವರಲ್ಲಿ ಯಾರಿಗೂ ಸಿಗಲಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ಬೇಸರ ತಂದದ್ದು ಪ್ರಶ್ನೆಪತ್ರಿಕೆ. ನಮ್ಮ ಮಕ್ಕಳು ಕನ್ನಡದಲ್ಲೇ ಓದುತ್ತಾರೆ, ಆದರೆ ಪಠ್ಯ ಕೇರಳದ್ದು. ಆ ವರ್ಷ 2020ರ ಜೂನ್ 1ರಿಂದ ಕೇರಳ ಸರ್ಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲ್ಲಿನಲ್ಲಿ ಶುರುವಾದ ಪಾಠದ ಲೆಕ್ಕದಲ್ಲಿ ಓದಿದವರು ಇವರು. ಎಂಟ್ರೆನ್ಸ್ ಪ್ರಶ್ನೆಗಳು ಕರ್ನಾಟಕದ ಪಠ್ಯದ ಮೇಲೆ. ಸಮಾಜ ವಿಜ್ಞಾನದಲ್ಲಿ ಮಗು ಕಂಡೇ ಇರದ ಪಾಠ. ಸಾಮಾನ್ಯ ಜ್ಞಾನದಲ್ಲಿ ‘ನಮ್ಮ ರಾಜ್ಯದ ಮುಖ್ಯಮಂತ್ರಿ ಯಾರು’ ಅಂತ ಕೇಳಿದರೆ ಆಗ ಇಲ್ಲಿಯ ಮಗು ಪಿಣರಾಯಿ ವಿಜಯನ್ ಅಂತ ಬರೆಯುತ್ತಿತ್ತು. ಆಗ ಅದು ಸರಿ ಉತ್ತರವೇ, ಆದರೆ ಅಂಕ ಸಿಗುತ್ತಿರಲಿಲ್ಲ. ಬೇರೆ ವರ್ಷಗಳಲ್ಲಿ ಟೀಚರಿಗೋ, ಆಚೆ ಇರುವ ಅತ್ತೆ ಮಕ್ಕಳಿಗೋ ಕೇಳಿ, ಅವರ ಪುಸ್ತಕ ತಂದು ಓದಿಸುತ್ತಿದ್ದೆವು. ಗಡಿ ಮುಚ್ಚಿದ ಮೇಲೆ ಆ ಪುಸ್ತಕಗಳೂ ಬರಲಿಲ್ಲ.

ಪಿಯುಸಿಗೆ ಹೋಗುವವರಿಗೆ ಇನ್ನೊಂದು ತೊಡಕು. ಕೇರಳದ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟಿನಲ್ಲಿ ಅಂಕ ಇರುವುದಿಲ್ಲ, ಗ್ರೇಡ್ ಮಾತ್ರ. ಎ ಪ್ಲಸ್ ಅಂದರೆ 90 ಇಲ್ಲವೇ ಅದಕ್ಕಿಂತ ಮೇಲೆ. 91 ತೆಗೆದವರಿಗೂ 99 ತೆಗೆದವರಿಗೂ ಅದೇ ಅಕ್ಷರ. ಕಾಲೇಜಿನ ಅರ್ಜಿಯಲ್ಲಿ ಶೇಕಡಾವಾರು ಕೇಳುವ ಜಾಗ ಇರುತ್ತದೆ, ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ. ಮುಂಚೆ ನೇರ ಆಫೀಸಿಗೆ ಹೋಗಿ ವಿವರಿಸಿದರೆ ಗುಮಾಸ್ತರು ಅರ್ಥ ಮಾಡಿಕೊಂಡು ಸರಿ ಮಾಡಿಕೊಡುತ್ತಿದ್ದರು. ಫೋನಿನಲ್ಲಿ ಅದನ್ನು ವಿವರಿಸಿ ನೋಡಿ ಮಾರಾಯ್ರೆ!

ಒಂದು ವರ್ಷ ಕಾಯಬಹುದಿತ್ತು ಅಂದಿರಲ್ಲ, ಹಲವರು ಕಾದರು. ಕಾದವರಿಗೆ ಮುಂದಿನ ವರ್ಷ ಆ ಕ್ಲಾಸಿಗೆ ಸೀಟೇ ಇರಲಿಲ್ಲ, ಯಾಕಂದರೆ ಹಾಸ್ಟೆಲ್ ಶಾಲೆಗಳು ಹೊಸಬರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಆರಕ್ಕೆ, ಎಂಟಕ್ಕೆ, ಇಲ್ಲವೇ ಪಿಯುಸಿಗೆ. ಕೆಲವರು ಊರಿನ ಸರ್ಕಾರಿ ಶಾಲೆಯಲ್ಲೇ ಮುಂದುವರಿದು ಚೆನ್ನಾಗಿ ಓದಿದರು. ಅದು ಆ ಶಾಲೆಯ ಟೀಚರುಗಳ ದೊಡ್ಡ ಕೆಲಸ. ಕೆಲವರು ಮಲಯಾಳ ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಆ ಮನೆಗಳಲ್ಲಿ ಕನ್ನಡ ಓದುವ ಮಗು ಒಂದು ಕಡಿಮೆಯಾಯಿತು. ನಿಮ್ಮ ಕಡೆ ಒಂದು ಸೀಟು ತಪ್ಪಿದರೆ ಇಷ್ಟೆಲ್ಲ ಆಗುವುದಿಲ್ಲ.

ಈಗ ಬಸ್ಸುಗಳು ಮೊದಲಿನ ಹಾಗೆ ನೇರ ಓಡುತ್ತಿವೆ. ಗ್ರೇಡಿನ ತೊಡಕು, ಪಠ್ಯದ ತೊಡಕು ಹಾಗೆಯೇ ಉಳಿದಿವೆ. ನಿಮಗೆ ಆ ಕಡೆಯ ಶಾಲೆ ಕಾಲೇಜುಗಳ ಆಡಳಿತದವರ ಪರಿಚಯ ಇದ್ದರೆ ಮೂರು ಮಾತು ತಿಳಿಸಿ. ಗ್ರೇಡ್ ಇರುವ ಸರ್ಟಿಫಿಕೇಟಿಗೆ ಅರ್ಜಿಯಲ್ಲಿ ಜಾಗ ಇಡಲಿ. ಪ್ರಶ್ನೆಗಳನ್ನು ಎರಡೂ ರಾಜ್ಯದ ಪಠ್ಯದಲ್ಲಿರುವ ಗಣಿತ, ವಿಜ್ಞಾನ, ಭಾಷೆಯ ಮೇಲೆ ಕೇಳಲಿ. ಗಡಿಯಲ್ಲಿ ಏನೇ ತೊಂದರೆಯಾಗಿ ಮಗು ಬರಲಾಗದಿದ್ದರೆ ಬರೆಯಲು ಇನ್ನೊಂದು ದಿನ ಕೊಡಲಿ, ಆ ದಿನವನ್ನು ಅರ್ಜಿ ಕೊಡುವಾಗಲೇ ಬರೆದು ತಿಳಿಸಲಿ.