ಗಟಗಟ ಓದ್ತಾನೆ, ಕೇಳಿದರೆ ‘ಮರೆತೋಯ್ತು’ ಅಂತಾನೆ

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ, ಇಂಗ್ಲಿಷ್ ಎರಡನ್ನೂ ತಡವರಿಸದೆ ಓದುತ್ತಾನೆ. ಆದರೆ ಪುಸ್ತಕ ಮುಚ್ಚಿ ‘ಕಥೆಯಲ್ಲಿ ಏನಾಯ್ತು?’ ಅಂದರೆ ‘ಮರೆತೋಯ್ತು’ ಅಂತಾನೆ. ನಾನು ಪಕ್ಕದಲ್ಲಿ ಕೂತರೆ ಮಾತ್ರ ಪುಸ್ತಕ ಹಿಡಿಯುತ್ತಾನೆ. ತಾನಾಗಿ, ಯೋಚಿಸಿ ಓದುವ ಹಾಗೆ ಮಾಡುವುದು ಹೇಗೆ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಇದು ಮರೆವಲ್ಲ. ಅಕ್ಷರ ಕೂಡಿಸಿ ಓದುವುದು ಬೇರೆ, ಓದಿದ್ದು ಕಣ್ಣ ಮುಂದೆ ಬರುವುದು ಬೇರೆ. ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಒಮ್ಮೆ ಕೈಗೆ ಸಿಕ್ಕರೆ ಅರ್ಥ ಗೊತ್ತಿಲ್ಲದ ಪದವನ್ನೂ ಮಕ್ಕಳು ಸಲೀಸಾಗಿ ಓದಿಬಿಡುತ್ತಾರೆ. ಕೇಳುವವರಿಗೆ ‘ಎಷ್ಟು ಚೆನ್ನಾಗಿ ಓದ್ತಾನೆ’ ಅನ್ನಿಸುತ್ತದೆ, ಅಷ್ಟೇ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಅವನು ಓದಿದಂಥದ್ದೇ ಇನ್ನೊಂದು ಪುಟವನ್ನು ನೀವು ಓದಿ ಹೇಳಿ. ಕೇಳಿದಾಗ ಅರ್ಥವಾಯಿತಾ? ಹಾಗಾದರೆ ಅವನ ಶಕ್ತಿಯೆಲ್ಲ ಅಕ್ಷರಕ್ಕೇ ಖರ್ಚಾಗುತ್ತಿದೆ. ಇನ್ನೂ ಸುಲಭದ ಪುಸ್ತಕ ಕೊಡಿ, ಓದಿದ್ದನ್ನೇ ಮತ್ತೆ ಓದಲಿ. ಕೇಳಿದರೂ ಅರ್ಥವಾಗಲಿಲ್ಲವಾ? ಆಗ ಪದವೋ ವಿಷಯವೋ ಅವನಿಗೆ ಹೊಸದು. 1988ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಮಕ್ಕಳಿಗೆ ಒಂದು ಬೇಸ್‌ಬಾಲ್ ಪಂದ್ಯದ ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮ್ಮ ಮಕ್ಕಳಿಗೆ ಕ್ರಿಕೆಟ್ ಸುದ್ದಿ ಕೊಟ್ಟು ನೋಡಿ, ಗೊತ್ತಾಗುತ್ತದೆ.

ಇನ್ನು ನೀವು ಕೇಳುವ ಪ್ರಶ್ನೆ. ‘ಏನಾಯ್ತು ಹೇಳು’ ಅನ್ನುವುದು ಮಕ್ಕಳ ಕಿವಿಗೆ ಟೆಸ್ಟ್ ಥರ ಕೇಳಿಸುತ್ತದೆ. ಅದನ್ನು ಬಿಡಿ. ಒಂದೇ ಒಂದು ವಾಕ್ಯದ ಮುಂದೆ ಇಬ್ಬರೂ ನಿಲ್ಲಿ. ನಾನು ಮಕ್ಕಳ ಜೊತೆ ಬಳಸುವ ವಾಕ್ಯ ಇದು: ‘ಬಸ್ಸಿನಿಂದ ಇಳಿದ ಅಜ್ಜಿ ಒದ್ದೆ ಕೊಡೆಯನ್ನು ಚೀಲಕ್ಕೆ ತುರುಕಿಕೊಂಡಳು.’ ಯಾರು ಇಳಿದರು ಅಂತ ಕೇಳಿದರೆ ಯೋಚನೆಯೇ ಬೇಡ. ‘ಈಗ ಮಳೆ ಬರ್ತಿದೆಯಾ?’ ಅಂತ ಕೇಳಿ. ಮಳೆ ಅನ್ನುವ ಪದವೇ ಅಲ್ಲಿಲ್ಲ! ಮಗು ವಾಪಸ್ ಹೋಗಿ ಹುಡುಕಬೇಕು. ‘ಹೇಗೆ ಗೊತ್ತಾಯ್ತು? ಬೆರಳಿಟ್ಟು ತೋರಿಸು’ ಅಂದರೆ ಬೆರಳು ‘ಒದ್ದೆ’ ಮೇಲೆ ನಿಲ್ಲುತ್ತದೆ, ಆಮೇಲೆ ‘ಚೀಲಕ್ಕೆ’ ಕಡೆ ಜರುಗುತ್ತದೆ. ಒಬ್ಬ ಹುಡುಗಿ ಮಾತ್ರ, ‘ಮಳೆ ಬರ್ತಾನೇ ಇದೆ, ಅಜ್ಜಿ ಮನೆ ಬಸ್‌ಸ್ಟಾಪ್ ಪಕ್ಕದಲ್ಲೇ ಇರ್ಬೇಕು’ ಅಂದಳು. ನನಗೆ ಹೊಳೆದೇ ಇರಲಿಲ್ಲ. ಅದನ್ನು ತಪ್ಪು ಅನ್ನುವುದು ಹೇಗೆ? ದಿನಕ್ಕೆ ಇಂಥ ಒಂದು ಪ್ರಶ್ನೆ ಸಾಕು. ಪುಟಕ್ಕೆ ನಾಲ್ಕು ಕೇಳಿದರೆ ಓದೇ ಬೇಸರವಾಗುತ್ತದೆ.

ಪಕ್ಕದಲ್ಲಿ ಕೂರುವುದನ್ನು ಒಂದೇ ಸಲ ನಿಲ್ಲಿಸಬೇಡಿ. ಎರಡು ಪುಟ ನೀವು ಓದಿ, ಕಥೆ ಬಿಗಿಯಾಗುವ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋಗಿ. ‘ಕುಕ್ಕರ್ ಮೂರು ಸೀಟಿ ಹೊಡೆಯೋದರೊಳಗೆ ಮುಂದಿಂದು ಓದಿರು, ನಂಗೂ ಹೇಳು.’ ಆ ಭಾಗವನ್ನು ನೀವು ನಿಜವಾಗಿಯೂ ಓದಿರಬಾರದು. ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ ಅಂದಾಗ ಮಾತು ತಾನಾಗಿ ಬರುತ್ತದೆ.

ಪುಸ್ತಕ ಅವನೇ ಆರಿಸಲಿ, ಕಾಮಿಕ್ಸ್ ಆದರೂ ಸರಿ. ಒಂದು ಪುಟದಲ್ಲಿ ಐದು ಪದ ಗೊತ್ತಿಲ್ಲದಿದ್ದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳುವುದಕ್ಕೆ ಇರಲಿ. ಭಾನುವಾರ ಬೆಂಗಳೂರಿನ ಅವಿನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ ಮುಂದೆ ಸುಮ್ನೆ ಬಿಟ್ಟುಬಿಡಿ. ದುಡ್ಡು ಬೇಡವೆಂದರೆ ನಮ್ಮೂರಿನದೇ ಮಕ್ಕಳ ಪುಸ್ತಕದ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಕನ್ನಡ ಕಥೆಗಳು ಹಂತದ ಪ್ರಕಾರ ಉಚಿತವಾಗಿ ಸಿಗುತ್ತವೆ. ಒಂದನೇ ಹಂತದ್ದು ಓದಿದರೆ ‘ಇದು ಪಾಪುದು’ ಅಂತ ಮಾತ್ರ ಹಂಗಿಸಬೇಡಿ.

ಇದನ್ನು ಓದುವ ಬೇರೆ ಪೋಷಕರಿಗೆ ಒಂದು ಮಾತು. ನಿಮ್ಮ ಮಗು ನಾಲ್ಕನೇ ಕ್ಲಾಸಿನಲ್ಲೂ ಅಕ್ಷರಕ್ಕೇ ತಡವರಿಸುತ್ತಿದ್ದರೆ, ಕೇಳಿದಾಗ ಮಾತ್ರ ಎಲ್ಲ ಅರ್ಥವಾಗುತ್ತಿದ್ದರೆ, ಮೊದಲು ಕಣ್ಣು ತೋರಿಸಿ. ಅಲ್ಲಿ ಏನೂ ಇಲ್ಲವೆಂದರೆ ಕಲಿಕೆಯ ತೊಂದರೆ ಇದೆಯಾ ಅಂತ ನೋಡಿಸಬೇಕು. ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಆ ಪರೀಕ್ಷೆ ಮಾಡುತ್ತಾರೆ. ಸೋಮಾರಿ ಅಂತ ಬೈಯುತ್ತಾ ವರ್ಷ ಕಳೆಯಬೇಡಿ.